ಪೋಲೆಂಡಿಗೆ ಕೊಟ್ಟ ಮಾತು

1944ನೆಯ ಇಸವಿಯ ಅಕ್ಟೋಬರ್ 13ರಂದು ಮಾಸ್ಕೋದಲ್ಲಿ ಕೂಡಿದ ಒಂದು ಸಭೆಯಲ್ಲಿ ಸ್ಟಾಲಿನ್, ಆತನ ವಿದೇಶಾಂಗ ಸಚಿವ ಮೊಲೊಟೋವ್, ಬ್ರಿಟನ್ನಿನ ಪ್ರಧಾನಿ ಚರ್ಚಿಲ್, ಅವರ ವಿದೇಶಾಂಗ ಸಚಿವ ಈಡನ್, ಅಮೆರಿಕದ ರಾಯಭಾರಿ ಹ್ಯಾರಿಮನ್ ಇಷ್ಟು ಮಂದಿ ಬಲಿಷ್ಠರ ನಡುವೆ, ಸ್ವದೇಶವನ್ನು ಶತ್ರುವಿಗೆ ಕಳೆದುಕೊಂಡು ಲಂಡನ್ನಿನಲ್ಲಿ ನೆಲೆಸಿದ್ದ ಪೋಲೆಂಡ್ ಸರ್ಕಾರದ ಪ್ರಧಾನಿ ಮಿಕೊವಾಯ್ಚಿಕ್ ಕುಳಿತಿದ್ದರು. ರೈತ ಪಕ್ಷದ ನಾಯಕರಾದ ಅವರು, ತಮ್ಮ ದೇಶದ ಸರಿಸುಮಾರು ಅರ್ಧದಷ್ಟು ಭೂಭಾಗವನ್ನು ರಷ್ಯಕ್ಕೆ ಬಿಟ್ಟುಕೊಡುವ ಅಧಿಕಾರ ತಮಗಿಲ್ಲವೆಂದು ವಾದಿಸುತ್ತಿದ್ದಾಗ, ಮೊಲೊಟೋವ್ ನಡುವೆ ಬಾಯಿಹಾಕಿ, ಗಡಿಯ ವಿಚಾರವು ಹಿಂದಿನ ವರ್ಷವೇ ತೆಹರಾನಿನಲ್ಲಿ ಇತ್ಯರ್ಥವಾಗಿಹೋಗಿದೆಯೆಂದೂ, ಅಧ್ಯಕ್ಷ ರೂಸ್‌ವೆಲ್ಟರೇ ಅದಕ್ಕೆ ಸಮ್ಮತಿಸಿದ್ದಾರೆಂದೂ ಬಯಲುಮಾಡಿದನು. ಚರ್ಚಿಲ್ಲರಾಗಲಿ ಹ್ಯಾರಿಮನ್ನರಾಗಲಿ ಅದನ್ನು ಅಲ್ಲಗಳೆಯಲಿಲ್ಲ. ಐದು ವರ್ಷಗಳಿಂದ ತಮ್ಮೊಡನೆ ಹೆಗಲಿಗೆ ಹೆಗಲು ಕೊಟ್ಟು ಹೋರಾಡುತ್ತಿದ್ದ ಒಂದು ರಾಷ್ಟ್ರದ ಪ್ರಧಾನಿಗೆ ಅವನ ದೇಶದ ಗತಿಯೇನೆಂಬುದನ್ನು ಆ ಮಿತ್ರರು ತಿಳಿಸಲಿಲ್ಲ; ಅವನನ್ನು ಹೆದರಿಸಲು ಬಂದವನು ತಿಳಿಸಿದನು.

ಯುದ್ಧಕಾಲದಲ್ಲಿ ಬಲಿಷ್ಠ ರಾಷ್ಟ್ರವೊಂದು ಕೊಡುವ ಮಾತನ್ನು ಅದರ ಮಿತ್ರರು ನಂಬಬಹುದೆ ಎಂಬ ಪ್ರಶ್ನೆಗೆ, ರಾಷ್ಟ್ರಗಳಿಗೆ ಶಾಶ್ವತವಾಗಿರುವುದು ಸ್ವಾರ್ಥವೊಂದೇ, ಸ್ನೇಹವೆಂಬುದು ಅದರ ವೇಷ ಎಂಬ ಉತ್ತರ ಬಹು ಸುಲಭವಾಗಿ ಸಿಕ್ಕುತ್ತದೆ. ಆ ಉತ್ತರದಿಂದ ನನಗೆ ತೃಪ್ತಿಯಿಲ್ಲ. ಅದು ನಿಜವೇ ಆಗಿದ್ದರೆ ಪೋಲೆಂಡಿಗಾಗಿ ಬ್ರಿಟನ್ ಯುದ್ಧಕ್ಕೆ ಇಳಿದುದು ಏಕೆಂಬುದೂ, ಇಳಿದ ಮೇಲೆ ಆರು ವರ್ಷಕಾಲ ಅದು ಪಟ್ಟ ಕಷ್ಟನಷ್ಟಗಳೂ ಅರ್ಥವಾಗುವುದಿಲ್ಲ. ಅದು ಪೂರ್ಣ ಸುಳ್ಳಾಗಿದ್ದರೆ ಆ ಯುದ್ಧವು ಮುಗಿದಾಗ ಪೋಲೆಂಡ್ ಇದ್ದ ಸ್ಥಿತಿಯೂ ಅರ್ಥವಾಗುವುದಿಲ್ಲ. ಆದಕಾರಣ ಸೂತ್ರಗಳನ್ನು ಬದಿಗಿಟ್ಟು, ನಡೆದುದನ್ನು ನಡೆದ ಹಾಗೆ ನೋಡುವುದೇ ಲೇಸು.

1939ನೆಯ ಮಾರ್ಚಿಯಲ್ಲಿ ಹಿಟ್ಲರನು ಚೆಕೊಸ್ಲೊವಾಕಿಯದಲ್ಲಿ ಉಳಿದಿದ್ದ ಭಾಗವನ್ನೂ ನುಂಗಿಕೊಂಡನು. ಹಿಂದಿನ ಶರತ್ಕಾಲದಲ್ಲಿ ಮ್ಯೂನಿಕ್ಕಿನಲ್ಲಿ ಆತನ ಮಾತನ್ನು ನಂಬಿ ಮರಳಿದ್ದ ಬ್ರಿಟನ್ನಿನ ಪ್ರಧಾನಿ ಚೇಂಬರ್ಲೇನರು, ಆ ಅವಮಾನದ ತರುವಾಯ ಮಾರ್ಚ್ 31ರಂದು ಪಾರ್ಲಿಮೆಂಟಿನಲ್ಲಿ ಎದ್ದುನಿಂತು, ಪೋಲೆಂಡಿನ ಸ್ವಾತಂತ್ರ್ಯಕ್ಕೆ ಅಪಾಯ ಒದಗಿ ಆ ದೇಶವು ಪ್ರತಿಭಟಿಸಿ ಹೋರಾಡಿದ ಪಕ್ಷದಲ್ಲಿ ಬ್ರಿಟನ್ ತನ್ನ ಶಕ್ತಿಯಿದ್ದಷ್ಟೂ ಅದಕ್ಕೆ ನೆರವಾಗುವುದೆಂದು ಘೋಷಿಸಿದರು. ಫ್ರಾನ್ಸ್ ಮೊದಲಿನಿಂದಲೂ ಪೋಲೆಂಡಿನ ಮಿತ್ರರಾಷ್ಟ್ರವೇ ಆಗಿದ್ದಿತು. ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಉಭಯ ಸೇನಾಧಿಪತ್ಯಗಳ ನಡುವೆ ಆದ ಒಡಂಬಡಿಕೆಯಂತೆ, ಜರ್ಮನಿಯು ತನ್ನ ಬಲವನ್ನೆಲ್ಲ ಪೋಲೆಂಡಿನ ಮೇಲೆ ಹೂಡಿದರೆ, ಫ್ರೆಂಚ್ ಸೈನ್ಯವು ಸನ್ನದ್ಧವಾಗತೊಡಗಿದ ಹದಿನೈದನೆಯ ದಿನದಿಂದ ಪಶ್ಚಿಮದಲ್ಲಿ ತನ್ನ ಮುಖ್ಯ ಬಲದೊಡನೆ ದಾಳಿಯನ್ನು ಆರಂಭಿಸಬೇಕಾಗಿದ್ದಿತು. ಪೋಲೆಂಡಿನ ಯುದ್ಧಯೋಜನೆಯೆಲ್ಲ ಈ ಹದಿನೈದು ದಿನಗಳ ಲೆಕ್ಕವನ್ನು ಆಧರಿಸಿ ನಿಂತಿತು: ಅಷ್ಟು ಕಾಲ ಹೇಗಾದರೂ ತಾಳಿಕೊಂಡರೆ ಶತ್ರುವಿನ ಬೆನ್ನಿಗೆ ಪೆಟ್ಟು ಬೀಳುವುದು ಖಂಡಿತ ಎಂದು ಅವರು ನಂಬಿದರು.

ಸೆಪ್ಟೆಂಬರ್ 1ರಂದು ಜರ್ಮನರು ನುಗ್ಗಿದರು. 3ರಂದು ಬ್ರಿಟನ್ನೂ ಫ್ರಾನ್ಸೂ ಯುದ್ಧವನ್ನು ಘೋಷಿಸಿದವು. ವಾರ್ಸಾ ನಗರದ ಜನ ಆ ದಿನ ಬ್ರಿಟಿಷ್ ರಾಯಭಾರ ಕಚೇರಿಯ ಮುಂದೆ ನೆರೆದು ಹರ್ಷೋದ್ಗಾರ ಮಾಡಿದರು. ಆದರೆ ಪಶ್ಚಿಮದಲ್ಲಿ ನಡೆದುದೇನು? ಫ್ರೆಂಚ್ ಸೈನ್ಯವು ಸಾರ್ ಪ್ರಾಂತದಲ್ಲಿ ಕೆಲವು ಕಿಲೋಮೀಟರ್ ದೂರ ಮುಂದೆ ಹೋಗಿ, ಬರಿದಾದ ಕೆಲವು ಹಳ್ಳಿಗಳನ್ನು ಹಿಡಿದು, ಅಲ್ಲಿಯೇ ನಿಂತಿತು. ಸೆಪ್ಟೆಂಬರ್ 12ರಂದು ಆಬ್‌ವಿಲ್ ಎಂಬ ಊರಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ನಾಯಕರು ಕಲೆತು ಮಾತನಾಡಿ, ದೊಡ್ಡ ದಾಳಿಯನ್ನೇನೂ ಸದ್ಯಕ್ಕೆ ಕೈಗೊಳ್ಳುವುದಿಲ್ಲವೆಂದು ನಿಶ್ಚಯಿಸಿದರು. ಬ್ರಿಟಿಷ್ ವಿಮಾನಗಳು ಜರ್ಮನಿಯ ಊರುಗಳ ಮೇಲೆ ಕರಪತ್ರಗಳನ್ನು ಉದುರಿಸಿ ಹಿಂದಿರುಗುತ್ತಿದ್ದವು. ಸೆಪ್ಟೆಂಬರ್ 17ರಂದು ಪೂರ್ವದಿಂದ ಸೋವಿಯತ್ ಸೈನ್ಯವೂ ಒಳನುಗ್ಗಿತು. ಆಗಸ್ಟ್ 25ರಂದು ಬ್ರಿಟನ್ ಮತ್ತು ಪೋಲೆಂಡ್ ಸಹಿಹಾಕಿದ ಪರಸ್ಪರ ಸಹಾಯದ ಒಪ್ಪಂದದಲ್ಲಿ, ಯೂರೋಪಿನ ಯಾವುದೇ ರಾಷ್ಟ್ರವು ಆಕ್ರಮಣ ಮಾಡಿದರೆ ಎಂಬ ವಿಶಾಲವಾದ ಪದಗಳಿದ್ದವು. ಅದರ ಗುಪ್ತ ಅನುಬಂಧವು ಮಾತ್ರ ಆ ರಾಷ್ಟ್ರವೆಂದರೆ ಜರ್ಮನಿಯೆಂದು ಸ್ಪಷ್ಟಪಡಿಸಿದ್ದಿತು. ಹೀಗಾಗಿ ರಷ್ಯದ ಆಕ್ರಮಣವನ್ನು ಬ್ರಿಟನ್ ತನ್ನ ಮಾತಿನ ವ್ಯಾಪ್ತಿಯ ಹೊರಗಿಟ್ಟುಕೊಳ್ಳಬಹುದಾಗಿದ್ದಿತು, ಇಟ್ಟುಕೊಂಡಿತು.

ಇಲ್ಲಿಯವರೆಗಿನ ನಡತೆಯನ್ನು ದ್ರೋಹವೆಂದು ಕರೆಯಲು ನಾನು ಹಿಂದೆಗೆಯುತ್ತೇನೆ. ಬಾಲ್ಟಿಕ್ ಸಮುದ್ರವನ್ನು ದಾಟಿ ಪೋಲೆಂಡಿಗೆ ಸೈನ್ಯವನ್ನು ಕಳುಹಿಸುವ ಮಾರ್ಗ ಬ್ರಿಟನ್ನಿಗೆ ಇರಲಿಲ್ಲ. ಅದಕ್ಕೆ ಬೇಕಾದ ಸೈನ್ಯವೂ ಆಗ ಇರಲಿಲ್ಲ. ಚೇಂಬರ್ಲೇನರು ಕೊಟ್ಟ ಮಾತಿನ ಉದ್ದೇಶ ಪೋಲೆಂಡನ್ನು ಕಾಪಾಡುವುದಕ್ಕಿಂತ ಹೆಚ್ಚಾಗಿ ಹಿಟ್ಲರನನ್ನು ಅಂಜಿಸಿ ತಡೆಯುವುದಾಗಿದ್ದಿತು. ಅಂಜಿಸುವುದಕ್ಕಾಗಿ ಕೊಟ್ಟ ಮಾತು ವಿಫಲವಾದಾಗ, ಮಾತು ಕೊಟ್ಟವನ ಕೈಯಲ್ಲಿ ಉಳಿಯುವುದು ಸೇಡು ತೀರಿಸುವ ಶಕ್ತಿಯೇ ಹೊರತು ರಕ್ಷಿಸುವ ಶಕ್ತಿಯಲ್ಲ. ದುರ್ಬಲ ರಾಷ್ಟ್ರಗಳು ಈ ಎರಡು ಬಗೆಯ ವಾಗ್ದಾನಗಳನ್ನು ಒಂದೇ ಎಂದು ಭಾವಿಸುವುದೂ, ಬಲಿಷ್ಠ ರಾಷ್ಟ್ರಗಳು ಆ ಭಾವನೆಯನ್ನು ತಿದ್ದುವ ಗೋಜಿಗೆ ಹೋಗದಿರುವುದೂ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿ. ಫ್ರಾನ್ಸಿನ ವಿಷಯದಲ್ಲಿ ಮಾತ್ರ ಇಷ್ಟು ಉದಾರವಾಗಿ ಹೇಳಲಾರೆ. ಲಿಖಿತವಾಗಿ ದಿನವನ್ನೇ ಗೊತ್ತುಮಾಡಿದ್ದ ಮಾತು ಅದು.

ಪೋಲೆಂಡ್ ತನ್ನ ಮಿತ್ರರಿಗೆ ಕೊಟ್ಟುದು ಎಷ್ಟು ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೆನೆಯಬೇಕು, ಏಕೆಂದರೆ ಮುಂದೆ ನಡೆದುದರ ತೂಕ ಅದರಿಂದಲೇ ತಿಳಿಯುವುದು. ಜರ್ಮನ್ ಸೈನ್ಯದ ಗುಪ್ತಲಿಪಿ ಯಂತ್ರವಾದ ಎನಿಗ್ಮಾದ ರಹಸ್ಯವನ್ನು ಮೊತ್ತಮೊದಲು ಭೇದಿಸಿದವರು ರೆಯೆವ್‌ಸ್ಕಿ, ರುಝಿತ್ಸ್ಕಿ, ಜಿಗಾಲ್‌ಸ್ಕಿ ಎಂಬ ಮೂವರು ತರುಣ ಪೋಲಿಷ್ ಗಣಿತಜ್ಞರು. ಮೊದಲ ಜಯವನ್ನು ರೆಯೆವ್‌ಸ್ಕಿ 1932ರ ಕೊನೆಯಲ್ಲಿಯೇ ಸಾಧಿಸಿದ್ದರು. ಯುದ್ಧಕ್ಕೆ ಐದು ವಾರಗಳಿರುವಾಗ, 1939ರ ಜುಲೈಯಲ್ಲಿ, ವಾರ್ಸಾದ ಸಮೀಪದ ಪಿರಿ ಎಂಬ ಸ್ಥಳದ ಕಾಡಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಅಧಿಕಾರಿಗಳನ್ನು ಕರೆಸಿಕೊಂಡು, ತಾವು ವರ್ಷಗಳ ಶ್ರಮದಿಂದ ಗಳಿಸಿದ್ದ ಸಮಸ್ತ ವಿದ್ಯೆಯನ್ನೂ, ಯಂತ್ರದ ಪ್ರತಿಕೃತಿಗಳನ್ನೂ ಪೋಲರು ಅವರಿಗೆ ಒಪ್ಪಿಸಿಬಿಟ್ಟರು. ಬ್ಲೆಚ್‌ಲಿ ಪಾರ್ಕಿನಲ್ಲಿ ಮುಂದೆ ಬ್ರಿಟಿಷ್ ಪಂಡಿತರು ಕಟ್ಟಿದ ಗುಪ್ತಲಿಪಿಭೇದನವೆಂಬ ಭವ್ಯವಾದ ಸೌಧಕ್ಕೆ ಅಸ್ತಿಭಾರ ಇದೇ. 1940ರ ಬೇಸಿಗೆಯಲ್ಲಿ ಬ್ರಿಟನ್ ಏಕಾಕಿಯಾಗಿ ಆಕಾಶಯುದ್ಧವನ್ನು ಎದುರಿಸುತ್ತಿದ್ದಾಗ, 145 ಮಂದಿ ಪೋಲಿಷ್ ವೈಮಾನಿಕರು ಅದರ ಪರವಾಗಿ ಹಾರಿದರು; ಅವರ 303ನೆಯ ದಳವು ಆ ಕದನದಲ್ಲಿ ಅಗ್ರಗಣ್ಯವೆನಿಸಿದ ದಳಗಳಲ್ಲಿ ಒಂದು. ದೇಶದೊಳಗೆ ಉಳಿದವರು ಗುಪ್ತ ಸೈನ್ಯವೊಂದನ್ನು ಕಟ್ಟಿಕೊಂಡು, ಹಿಟ್ಲರನ ಹಾರುಬಾಂಬುಗಳ ಬಗೆಗಿನ ವಾರ್ತೆಗಳನ್ನು ಸಹ ಲಂಡನ್ನಿಗೆ ಮುಟ್ಟಿಸುತ್ತಿದ್ದರು.

ಪೂರ್ವಭಾಗದ ಪೋಲರ ಕಥೆ ಇನ್ನೂ ದಾರುಣವಾದುದು. ಸೋವಿಯತ್ ಆಡಳಿತವು ಅವರಲ್ಲಿ ಲಕ್ಷಾಂತರ ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ಸೈಬೀರಿಯಕ್ಕೂ ಮಧ್ಯ ಏಷ್ಯಕ್ಕೂ ಗಡೀಪಾರು ಮಾಡಿತು. 1941ರಲ್ಲಿ ಹಿಟ್ಲರನು ರಷ್ಯದ ಮೇಲೂ ಬಿದ್ದಾಗ ಪರಿಸ್ಥಿತಿ ತಲೆಕೆಳಗಾಗಿ, ಸ್ಟಾಲಿನ್ ಬ್ರಿಟನ್ನಿನ ಮಿತ್ರನಾದನು. ಜುಲೈ 30ರ ಒಪ್ಪಂದದಂತೆ ಬಂಧಮುಕ್ತರಾದ ಪೋಲರನ್ನು, ಮಾಸ್ಕೋದ ಸೆರೆಮನೆಯಿಂದ ಹೊರಬಂದ ಜನರಲ್ ಆಂಡರ್ಸ್ ಎಂಬುವರು ಒಂದುಗೂಡಿಸಿ ಸೈನ್ಯವನ್ನು ಕಟ್ಟಿದರು. ಹಸಿವು ರೋಗಗಳಿಂದ ಸೊರಗಿದ ಲಕ್ಷಕ್ಕೂ ಮೀರಿದ ಜನ, ಸೈನಿಕರೂ ಸಂಸಾರಸ್ಥರೂ, 1942ರಲ್ಲಿ ಕ್ಯಾಸ್ಪಿಯನ್ ಸಮುದ್ರವನ್ನು ದಾಟಿ ಇರಾನನ್ನು ಸೇರಿಕೊಂಡರು. ಅವರಲ್ಲಿ ಕೆಲವರು ನಮ್ಮ ದೇಶಕ್ಕೂ ಬಂದರು. ಜಾಮನಗರದ ಮಹಾರಾಜರು ಬಾಲಾಚಡಿಯಲ್ಲಿ ನೂರಾರು ಅನಾಥ ಮಕ್ಕಳಿಗೆ ಆಶ್ರಯವಿತ್ತರು; ಬೆಳಗಾವಿಯಿಂದ ಬಹು ದೂರವೇನೂ ಅಲ್ಲದ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಸುಮಾರು 5,000 ಪೋಲರ ವಸಾಹತೊಂದು ಯುದ್ಧ ಮುಗಿದ ಮೇಲೂ ಕೆಲಕಾಲ ನೆಲೆಸಿತ್ತು. ಇವರಲ್ಲಿ ಬಹುಮಂದಿಯ ಮನೆಮಾರುಗಳು ಇದ್ದುದು, ಮುಂದೆ ತೆಹರಾನಿನಲ್ಲಿ ಪರಭಾರೆಯಾದ ಆ ಪೂರ್ವಪ್ರಾಂತಗಳಲ್ಲಿಯೇ.

ಆಂಡರ್ಸರು ಸೈನ್ಯವನ್ನು ಕೂಡಿಸುತ್ತಿದ್ದಾಗ ಸಾವಿರಾರು ಅಧಿಕಾರಿಗಳು ಎಲ್ಲಿಯೂ ಪತ್ತೆಯಾಗಲಿಲ್ಲ. 1943ರ ಏಪ್ರಿಲಿನಲ್ಲಿ ಕಟೀನ್ ಕಾಡಿನಲ್ಲಿ ಅವರಲ್ಲಿ ಸಾವಿರಾರು ಮಂದಿಯ ಹೆಣಗಳ ಗುಂಡಿಗಳನ್ನು ಜರ್ಮನರು ಅಗೆದು ತೋರಿಸಿದರು. 1940ರ ವಸಂತದಲ್ಲಿ ಸೋವಿಯತ್ ಗುಪ್ತಪೊಲೀಸರು ಬೇರೆ ಬೇರೆ ಕಡೆಗಳಲ್ಲಿ ಕೊಂದ ಸುಮಾರು 22,000 ಪೋಲರಲ್ಲಿ ಅವರು ಒಂದು ಭಾಗ. ಮಾಸ್ಕೋ ಇದನ್ನು ಒಪ್ಪಿಕೊಂಡುದು 1990ರಲ್ಲಿ. ಲಂಡನ್ನಿನ ಪೋಲಿಷ್ ಸರ್ಕಾರವು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಂಸ್ಥೆಯಿಂದ ವಿಚಾರಣೆಯಾಗಲೆಂದು ಕೇಳಿದ ಮಾತ್ರಕ್ಕೆ ಸ್ಟಾಲಿನ್ ಅದರೊಡನೆ ಸಂಬಂಧವನ್ನು ಕಡಿದುಕೊಂಡನು. ಆ ಸರ್ಕಾರದ ಬಳಿಗೆ ನಿಯುಕ್ತನಾಗಿದ್ದ ಬ್ರಿಟಿಷ್ ರಾಯಭಾರಿ ಓವೆನ್ ಓ'ಮ್ಯಾಲಿ, ಸಾಕ್ಷ್ಯಗಳನ್ನೆಲ್ಲ ತೂಗಿ ನೋಡಿ, ಅಪರಾಧವು ರಷ್ಯದ ಕಡೆಗೇ ಬೆರಳು ತೋರುವುದೆಂದು ತನ್ನ ಸರ್ಕಾರಕ್ಕೆ ಒಂದು ಧೀರವಾದ ವರದಿಯನ್ನು ಬರೆದನು. ಅದನ್ನು ಓದಿದವರು ಗುಪ್ತವಾಗಿ ಓದಿದರು, ಬಹಿರಂಗವಾಗಿ ಮೌನವಹಿಸಿದರು. ಪೋಲರನ್ನೂ ಸುಮ್ಮನಿರುವಂತೆ ಒತ್ತಾಯಿಸಿದರು.

ಇನ್ನು ತೆಹರಾನ್. 1943ರ ನವೆಂಬರ್ 28ರಿಂದ ಡಿಸೆಂಬರ್ 1ರವರೆಗೆ ಅಲ್ಲಿ ಸ್ಟಾಲಿನ್, ರೂಸ್‌ವೆಲ್ಟ್, ಚರ್ಚಿಲ್ ಮೂವರೂ ಮೊದಲ ಬಾರಿಗೆ ಕೂಡಿದರು. ಫ್ರಾನ್ಸಿನ ಕಡಲತೀರದಲ್ಲಿ ಸೈನ್ಯವನ್ನಿಳಿಸುವ ವಿಚಾರವೇ ಸಭೆಯ ಮುಖ್ಯ ವಿಷಯ. ಮೊದಲ ರಾತ್ರಿಯ ಊಟದ ತರುವಾಯ ಚರ್ಚಿಲ್ಲರು ಮೂರು ಬೆಂಕಿಕಡ್ಡಿಗಳನ್ನು ಮುಂದಿಟ್ಟು, ರಷ್ಯ, ಪೋಲೆಂಡ್, ಜರ್ಮನಿಗಳನ್ನು ಒಂದೊಂದು ಹೆಜ್ಜೆ ಪಶ್ಚಿಮಕ್ಕೆ ಸರಿಸುವ ಬಗೆಯನ್ನು ತೋರಿಸಿದರು. ಸ್ಟಾಲಿನ್ನನಿಗೆ ಅದು ಮೆಚ್ಚುಗೆಯಾಯಿತು. ಪೋಲೆಂಡ್ ತನ್ನ ಪೂರ್ವಪ್ರಾಂತಗಳನ್ನು ರಷ್ಯಕ್ಕೆ ಬಿಟ್ಟು, ಬದಲಿಗೆ ಜರ್ಮನಿಯಿಂದ ನೆಲವನ್ನು ಪಡೆಯಬೇಕೆಂಬುದು ಅದರ ತಾತ್ಪರ್ಯ. ಕೊನೆಯ ದಿನ ರೂಸ್‌ವೆಲ್ಟರು ಸ್ಟಾಲಿನ್ನನನ್ನು ಏಕಾಂತದಲ್ಲಿ ಕಂಡು, ಗಡಿಯನ್ನು ಪಶ್ಚಿಮಕ್ಕೆ ಸರಿಸಲು ತಮ್ಮ ಒಪ್ಪಿಗೆಯಿದೆಯೆಂದೂ, ಆದರೆ ಮುಂದಿನ ವರ್ಷ ಅಮೆರಿಕದಲ್ಲಿ ಚುನಾವಣೆಯಿರುವುದರಿಂದಲೂ, ಅಲ್ಲಿ ಪೋಲಿಷ್ ಮೂಲದವರು ಅರವತ್ತು ಎಪ್ಪತ್ತು ಲಕ್ಷ ಮಂದಿ ಇರುವುದರಿಂದಲೂ, ಈ ವಿಷಯದಲ್ಲಿ ತಾವು ಬಹಿರಂಗವಾಗಿ ಭಾಗವಹಿಸಲಾಗುವುದಿಲ್ಲವೆಂದೂ ತಿಳಿಸಿದರು. ಈ ಸಂಭಾಷಣೆಯ ವರದಿ ಅಮೆರಿಕ ಸರ್ಕಾರವೇ ಮುಂದೆ ಪ್ರಕಟಿಸಿದ ದಾಖಲೆಗಳಲ್ಲಿದೆ.

ಆ ಪ್ರಾಂತಗಳ ವಿಷಯದಲ್ಲಿ ನ್ಯಾಯವೆಲ್ಲ ಪೋಲರ ಕಡೆಗೇ ಇದ್ದಿತೆಂದು ಹೇಳುವುದು ಸರಿಯಲ್ಲ. ಅಲ್ಲಿನ ಹಳ್ಳಿಗಳಲ್ಲಿ ಉಕ್ರೇನಿಯನ್ನರೂ ಬೆಲರೂಸಿಯನ್ನರೂ ಬಹುಸಂಖ್ಯೆಯಲ್ಲಿದ್ದರು. ಕರ್ಜನ್ ರೇಖೆಯೆಂಬ ಹೆಸರಿನ ಆ ಗಡಿಯನ್ನು ಮೊದಲ ಮಹಾಯುದ್ಧದ ತರುವಾಯ ಮಿತ್ರರಾಷ್ಟ್ರಗಳೇ ಸೂಚಿಸಿದ್ದವು. ಲ್ವೋವ್, ವಿಲ್ನೊ ನಗರಗಳು ಮಾತ್ರ ಪೋಲರ ಸಂಸ್ಕೃತಿಯ ಪ್ರಾಣಸ್ಥಾನಗಳಾಗಿದ್ದವು. ಅಂತೂ ಯೋಗ್ಯವಾದ ಸಂಧಾನವೊಂದರಲ್ಲಿ ಪೋಲೆಂಡ್ ಏನನ್ನಾದರೂ ಬಿಟ್ಟುಕೊಡಬೇಕಾಗಿಯೇ ಬರುತ್ತಿದ್ದಿತು. ನನ್ನ ಆಕ್ಷೇಪ ರೇಖೆಯ ಮೇಲಲ್ಲ, ಅದನ್ನು ಎಳೆದ ಕೊಠಡಿಯ ಬಾಗಿಲು ಮುಚ್ಚಿದ್ದುದರ ಮೇಲೆ.

ಲಂಡನ್ನಿಗೆ ಹಿಂದಿರುಗಿದ ಚರ್ಚಿಲ್ಲರು ಮಿಕೊವಾಯ್ಚಿಕ್ಕರನ್ನು ಕರೆಸಿ ಕರ್ಜನ್ ರೇಖೆಯನ್ನು ಒಪ್ಪಿಕೊಳ್ಳಿರೆಂದು ಒತ್ತಾಯಿಸತೊಡಗಿದರು. 1944ರ ಫೆಬ್ರವರಿ 22ರಂದು ಪಾರ್ಲಿಮೆಂಟಿನಲ್ಲಿ, ಪೋಲೆಂಡಿನ ಇಂಥದೇ ಗಡಿಯನ್ನು ಬ್ರಿಟನ್ ಎಂದೂ ಖಾತರಿಪಡಿಸಿರಲಿಲ್ಲವೆಂದು ಹೇಳಿದರು. ಇಷ್ಟರಮಟ್ಟಿಗೆ ಅವರು ತಮ್ಮ ಒಲವನ್ನು ಮುಚ್ಚಿಡಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಒಲವು ಬೇರೆ, ನಿರ್ಣಯ ಬೇರೆ. ಕೊಡುವುದು ಆಗಿಹೋಗಿದೆ ಎಂಬುದನ್ನಾಗಲಿ, ಅಮೆರಿಕವೂ ಅದಕ್ಕೆ ಸೇರಿದೆ ಎಂಬುದನ್ನಾಗಲಿ ಅವರು ಹೇಳಲಿಲ್ಲ. ಆದುದರಿಂದ ಪೋಲರು ತಮ್ಮ ಭರವಸೆಯನ್ನೆಲ್ಲ ರೂಸ್‌ವೆಲ್ಟರ ಮೇಲೆ ಇಟ್ಟರು.

ಆ ಭರವಸೆಯನ್ನು ಹೊತ್ತುಕೊಂಡೇ ಆಂಡರ್ಸರ ಸೈನ್ಯ ಇಟಲಿಯ ಮಾಂಟೆ ಕಸೀನೊ ಬೆಟ್ಟವನ್ನು ಹತ್ತಿತು. ರೋಮ್ ನಗರದ ದಾರಿಯನ್ನು ಕಾಯುವ ಆ ಬೆಟ್ಟದ ಮೇಲೆ ಪ್ರಾಚೀನವಾದ ಕ್ರೈಸ್ತ ಮಠವೊಂದಿದ್ದಿತು. ಮಿತ್ರಪಕ್ಷದ ಬಾಂಬುಗಳು ಅದನ್ನು ಫೆಬ್ರವರಿಯಲ್ಲಿ ಕಲ್ಲುರಾಶಿಯಾಗಿ ಮಾಡಿದ್ದವು, ಆ ಕಲ್ಲುರಾಶಿಯಲ್ಲಿ ಜರ್ಮನರು ಹುದುಗಿ ಕುಳಿತಿದ್ದರು. ಮೊದಲು ಅಮೆರಿಕನ್ನರು, ಅನಂತರ ನ್ಯೂಜಿಲೆಂಡಿನವರೊಡನೆ ನಮ್ಮ ಭಾರತೀಯ ನಾಲ್ಕನೆಯ ಡಿವಿಷನ್ನಿನ ಯೋಧರು ಅದನ್ನು ಹಿಡಿಯಲು ಹೋಗಿ ಅಪಾರವಾದ ಪ್ರಾಣಹಾನಿಯನ್ನು ಅನುಭವಿಸಿ ಹಿಂದಿರುಗಿದ್ದರು. ಮೇ 11ರ ರಾತ್ರಿ ಪೋಲರು ಏರಿದರು. ಮೊದಲ ದಾಳಿ ಮುರಿದುಬಿದ್ದಿತು. 17ರಂದು ಮತ್ತೆ ಏರಿದರು. 18ರ ಬೆಳಗ್ಗೆ ಹಾಳುಬಿದ್ದ ಮಠದ ಮೇಲೆ ಪೋಲೆಂಡಿನ ಕೆಂಪು ಬಿಳಿಯ ಬಾವುಟ ಹಾರಿತು. ಅದೇ ದಿನಗಳಲ್ಲಿ ಕೆಳಗಿನ ನದಿಯನ್ನು ದಾಟಿ ಶತ್ರುವಿನ ಸಾಲನ್ನು ಮುರಿದವರಲ್ಲಿ ಭಾರತೀಯ ಎಂಟನೆಯ ಡಿವಿಷನ್ನಿನವರೂ ಇದ್ದರು. ಬೆಟ್ಟದ ಮಗ್ಗುಲಲ್ಲಿ ಈಗ ಪೋಲರ ಸಾವಿರಕ್ಕೂ ಮೀರಿದ ಸಮಾಧಿಗಳಿವೆ. ಲ್ವೋವ್, ವಿಲ್ನೊಗಳ ಕಡೆಯಿಂದ ಹೊರಟು, ಸೈಬೀರಿಯ, ಇರಾನ್, ಇರಾಕ್, ಪ್ಯಾಲೆಸ್ಟೈನುಗಳನ್ನು ಸುತ್ತಿ ಬಂದು ಅಲ್ಲಿ ಮಡಿದವರು ಹಲವರು. ಯಾವ ಊರಿಗೆ ಹಿಂದಿರುಗುವೆವೆಂದು ಅವರು ಏರಿದರೋ, ಆ ಊರು ಐದೂವರೆ ತಿಂಗಳ ಹಿಂದೆಯೇ ಅವರದಲ್ಲವಾಗಿದ್ದಿತು. ಅವರನ್ನು ಏರಿರೆಂದ ಸರ್ಕಾರಗಳಿಗೆ ಅದು ತಿಳಿದಿದ್ದಿತು.

ಇದಾದ ಮುಂದಿನ ತಿಂಗಳು ಮಿಕೊವಾಯ್ಚಿಕ್ಕರು ವಾಷಿಂಗ್ಟನ್ನಿಗೆ ಹೋದರು. ಚುನಾವಣೆ ಸಮೀಪಿಸಿತ್ತು. ರೂಸ್‌ವೆಲ್ಟರು ಅವರನ್ನು ಆದರದಿಂದ ಬರಮಾಡಿಕೊಂಡು, ಕರ್ಜನ್ ರೇಖೆಯನ್ನು ತಾವು ಒಪ್ಪಿಲ್ಲವೆಂಬ ಭಾವನೆ ಬರುವ ಹಾಗೆ ಮಾತನಾಡಿ, ಲ್ವೋವ್ ನಗರವನ್ನು ಪೋಲೆಂಡಿಗೆ ಉಳಿಸಿಕೊಡುವ ಆಸೆಯನ್ನು ಕೂಡ ತೋರಿಸಿದರು. ಮಹಾಪುರುಷರೆಂದು ನಾನು ಗೌರವಿಸುವವರಲ್ಲಿ ರೂಸ್‌ವೆಲ್ಟರೂ ಒಬ್ಬರು. ಆದರೂ ಈ ಭೇಟಿಯ ವೃತ್ತಾಂತವನ್ನು ಓದುವಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಆಗಸ್ಟ್ 1ರಂದು ವಾರ್ಸಾ ನಗರ ದಂಗೆಯೆದ್ದಿತು. ಸೋವಿಯತ್ ಸೈನ್ಯ ವಿಸ್ಟುಲಾ ನದಿಯ ಆಚೆಯ ದಡವನ್ನು ಸಮೀಪಿಸಿದ್ದಿತು. ಅದು ಒಳಗೆ ಬರುವ ಮುನ್ನ ನಗರವನ್ನು ತಾವೇ ಬಿಡಿಸಿಕೊಂಡರೆ, ಪಶ್ಚಿಮದ ಮಿತ್ರರು ತಮ್ಮ ಬೆನ್ನಿಗೆ ನಿಂತು ಸ್ವತಂತ್ರ ಪೋಲೆಂಡಿನ ಹಕ್ಕನ್ನು ಎತ್ತಿಹಿಡಿಯುವರೆಂಬುದು ಗುಪ್ತ ಸೈನ್ಯದ ನಾಯಕರ ಲೆಕ್ಕಾಚಾರ. 63 ದಿನಗಳ ಕಾಲ ಅವರು ಹೋರಾಡಿದರು. ಇಟಲಿಯ ವಿಮಾನ ನಿಲ್ದಾಣಗಳಿಂದ ಸಾವಿರ ಕಿಲೋಮೀಟರಿಗೂ ಮೀರಿದ ದೂರವನ್ನು ಕ್ರಮಿಸಿ ಬ್ರಿಟಿಷ್, ದಕ್ಷಿಣ ಆಫ್ರಿಕ ಮತ್ತು ಪೋಲಿಷ್ ವೈಮಾನಿಕರು ಆಯುಧಗಳನ್ನು ತಂದುಹಾಕಿದರು, ಅವರಲ್ಲಿ ಬಹುಮಂದಿ ಮರಳಲಿಲ್ಲ. ಆ ವಿಮಾನಗಳು ರಷ್ಯದ ನೆಲದಲ್ಲಿ ಇಳಿಯಲು ಸ್ಟಾಲಿನ್ ವಾರಗಟ್ಟಲೆ ಅನುಮತಿ ಕೊಡಲಿಲ್ಲ. ಅನುಮತಿಯಿಲ್ಲದಿದ್ದರೂ ಕಳುಹಿಸೋಣ, ಆಗುವುದಾಗಲಿ ಎಂದು ಚರ್ಚಿಲ್ಲರು ರೂಸ್‌ವೆಲ್ಟರಿಗೆ ಬರೆದರು, ರೂಸ್‌ವೆಲ್ಟರು ಒಡಂಬಡಲಿಲ್ಲ. ಸೆಪ್ಟೆಂಬರ್ 18ರಂದು ನೂರಕ್ಕೂ ಮೇಲ್ಪಟ್ಟ ಅಮೆರಿಕನ್ ವಿಮಾನಗಳು ಒಂದೇ ಒಂದು ಬಾರಿ ಬಂದು ಸಾಮಗ್ರಿಯನ್ನು ಉದುರಿಸಿದಾಗ, ಅದರಲ್ಲಿ ಹೆಚ್ಚಿನದು ಜರ್ಮನರ ವಶದಲ್ಲಿದ್ದ ಬೀದಿಗಳ ಮೇಲೆ ಬಿದ್ದಿತು. ಅಕ್ಟೋಬರ್ 2ರಂದು ನಗರ ಶರಣಾಯಿತು. ಒಂದೂವರೆ ಲಕ್ಷಕ್ಕೆ ಕಡಮೆಯಿಲ್ಲದಷ್ಟು ನಾಗರಿಕರು ಅಷ್ಟರಲ್ಲಿ ಸತ್ತಿದ್ದರು.

ಉಳಿದುದನ್ನು ಚುಟುಕಾಗಿ ಹೇಳಿದರೂ ಸಾಕು. 1945ರ ಫೆಬ್ರವರಿಯ ಯಾಲ್ಟಾ ಸಮ್ಮೇಳನವು ಕರ್ಜನ್ ರೇಖೆಯನ್ನು ಸ್ಥಿರಪಡಿಸಿ, ಸ್ಟಾಲಿನ್ನನ ಆಶ್ರಯದಲ್ಲಿ ಹುಟ್ಟಿದ್ದ ಸರ್ಕಾರವನ್ನೇ ಸ್ವಲ್ಪ ವಿಸ್ತರಿಸಿ, ಮುಕ್ತ ಚುನಾವಣೆಗಳ ವಚನವೊಂದನ್ನು ಸೇರಿಸಿತು. ಆ ವಚನದ ಪದಗಳನ್ನು ಎತ್ತ ಬೇಕಾದರೂ ಎಳೆಯಬಹುದೆಂದು ಅಮೆರಿಕದ ಅಡ್ಮಿರಲ್ ಲೇಹಿ ಎಚ್ಚರಿಸಿದಾಗ, ಪೋಲೆಂಡಿಗಾಗಿ ಸದ್ಯ ಇದಕ್ಕಿಂತ ಹೆಚ್ಚೇನನ್ನೂ ಮಾಡಲಾರೆನೆಂದು ರೂಸ್‌ವೆಲ್ಟರು ಉತ್ತರಿಸಿದರು. ಮಾತುಕತೆಗೆಂದು ಕರೆಸಿಕೊಂಡ ಗುಪ್ತಸಂಘಟನೆಯ ಹದಿನಾರು ಮಂದಿ ಮುಖಂಡರನ್ನು ಸೋವಿಯತ್ ಪೊಲೀಸರು ಮಾರ್ಚಿಯಲ್ಲಿ ಸೆರೆಹಿಡಿದು, ಜೂನ್ ತಿಂಗಳಲ್ಲಿ ಮಾಸ್ಕೋದಲ್ಲಿ ವಿಚಾರಣೆಗೆ ನಿಲ್ಲಿಸಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆ ಹುಟ್ಟುತ್ತಿದ್ದಾಗ ಪೋಲೆಂಡಿನ ಪೀಠ ಬರಿದಾಗಿದ್ದಿತು. ಜುಲೈ 5ರಂದು ಬ್ರಿಟನ್ನೂ ಅಮೆರಿಕವೂ ಲಂಡನ್ನಿನ ಪೋಲಿಷ್ ಸರ್ಕಾರಕ್ಕೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡವು. ಮರುವರ್ಷದ ಜೂನ್ 8ರಂದು ಲಂಡನ್ನಿನ ಬೀದಿಗಳಲ್ಲಿ ವಿಜಯೋತ್ಸವದ ಮೆರವಣಿಗೆ ಸಾಗಿದಾಗ ಅದರಲ್ಲಿ ಪೋಲಿಷ್ ಸೈನಿಕರು ಇರಲಿಲ್ಲ. 1947ರ ಜನವರಿಯ ಚುನಾವಣೆ ಅಕ್ರಮಗಳ ಕಂತೆಯಾಯಿತು. ಸ್ವದೇಶಕ್ಕೆ ಮರಳಿ ಅದರಲ್ಲಿ ಸ್ಪರ್ಧಿಸಿದ್ದ ಮಿಕೊವಾಯ್ಚಿಕ್ಕರು ಅದೇ ವರ್ಷ ಪ್ರಾಣ ಉಳಿಸಿಕೊಳ್ಳಲು ತಲೆಮರೆಸಿಕೊಂಡು ದೇಶ ಬಿಟ್ಟರು. ಬ್ರಿಟನ್ ತನ್ನ ನೆಲದಲ್ಲಿ ಉಳಿಯಬಯಸಿದ ಲಕ್ಷಕ್ಕೂ ಮಿಕ್ಕ ಪೋಲರಿಗೆ ಕಾನೂನು ಮಾಡಿ ಆಶ್ರಯ ಕೊಟ್ಟಿತು ಎಂಬುದನ್ನು ಅದರ ಪುಣ್ಯದ ಖಾತೆಗೆ ಬರೆಯಬೇಕು.

ಚರ್ಚಿಲ್ ಮತ್ತು ರೂಸ್‌ವೆಲ್ಟರು ಬೇರೆ ಏನು ಮಾಡಬಹುದಾಗಿದ್ದಿತು ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಜರ್ಮನ್ ಸೈನ್ಯದ ಬಹುಭಾಗವನ್ನು ಮೂರು ವರ್ಷಗಳ ಕಾಲ ಎದುರಿಸಿ ಸವೆಸಿದವರು ರಷ್ಯನ್ನರು. ಅವರಿಲ್ಲದೆ ಹಿಟ್ಲರನನ್ನು ಸೋಲಿಸುವ ಉಪಾಯ ಯಾರ ಬಳಿಯೂ ಇರಲಿಲ್ಲ. ಯಾಲ್ಟಾದ ವೇಳೆಗೆ ಪೋಲೆಂಡಿನ ನೆಲದ ಬಹುಭಾಗದ ಮೇಲೆ ರಷ್ಯದ ಸೈನಿಕನೇ ನಿಂತಿದ್ದನು. ಜರ್ಮನಿ ಶರಣಾದ ಕೂಡಲೆ, ರಷ್ಯದ ಮೇಲೆ ಬಲಪ್ರಯೋಗ ಮಾಡಿಯಾದರೂ ಪೋಲೆಂಡಿಗೆ ನ್ಯಾಯ ದೊರಕಿಸಬಹುದೇ ಎಂದು ಚರ್ಚಿಲ್ಲರು ತಮ್ಮ ಸೇನಾತಜ್ಞರನ್ನು ಗುಟ್ಟಾಗಿ ಕೇಳಿದರು. ಆಗದೆಂದು ಅವರು ವರದಿಯೊಪ್ಪಿಸಿದರು. ಆದುದರಿಂದ ಫಲಿತಾಂಶವೇ ಬೇರೆಯಾಗುತ್ತಿದ್ದಿತೆಂದು ನಾನು ವಾದಿಸುವುದಿಲ್ಲ.

ಆದರೆ ಕೈಲಾಗದುದನ್ನು ಮಾಡದಿರುವುದು ಒಂದು. ಕೈಲಾಗುವುದಿಲ್ಲವೆಂಬುದನ್ನು ಮುಚ್ಚಿಟ್ಟು, ಮಿತ್ರನ ರಕ್ತವನ್ನು ಪಡೆಯುತ್ತಲೇ ಇರುವುದು ಮತ್ತೊಂದು. ತೆಹರಾನಿನ ಮರುವಾರವೇ ಮಿಕೊವಾಯ್ಚಿಕ್ಕರನ್ನು ಕರೆದು, ನಡೆದುದು ಇದು, ಅಮೆರಿಕವೂ ಇದಕ್ಕೆ ಸೇರಿದೆ, ನಿಮ್ಮ ಪೂರ್ವಪ್ರಾಂತಗಳನ್ನು ನಾವು ಉಳಿಸಿಕೊಡಲಾರೆವು ಎಂದು ಹೇಳಿದ್ದರೆ, ಪೋಲರು ಕೋಪಗೊಳ್ಳುತ್ತಿದ್ದರು, ಬಹುಶಃ ಇಟಲಿಯ ರಣರಂಗದಿಂದ ಸೈನ್ಯವನ್ನು ಹಿಂತೆಗೆಯುವ ಮಾತನ್ನೂ ಆಡುತ್ತಿದ್ದರು. ಹೇಳದಿದ್ದುದಕ್ಕೆ ಕಾರಣ ಅದೇ. ಆದರೆ ತಿಳಿದಿದ್ದರೆ ಅವರಿಗೆ ಆರಿಸಿಕೊಳ್ಳುವ ಅವಕಾಶವಿರುತ್ತಿದ್ದಿತು: ಸೋವಿಯತ್ ಸೈನ್ಯ ಇನ್ನೂ ದೂರದಲ್ಲಿರುವಾಗಲೇ ನೆಲವನ್ನು ಕೊಟ್ಟು ಸ್ವಾತಂತ್ರ್ಯವನ್ನು ಉಳಿಸಿಕೊಳ್ಳುವ ಚೌಕಾಶಿಯನ್ನು ನಡೆಸಬಹುದಾಗಿದ್ದಿತು, ಪಶ್ಚಿಮದ ಬೆಂಬಲವನ್ನು ಲೆಕ್ಕಕ್ಕೆ ಹಿಡಿದು ವಾರ್ಸಾದ ದಂಗೆಗೆ ಆಜ್ಞೆಯಿತ್ತವರು, ಆ ಬೆಂಬಲದ ನಿಜವಾದ ಅಳತೆ ಗೊತ್ತಿದ್ದರೆ, ಇನ್ನೊಮ್ಮೆ ಯೋಚಿಸುತ್ತಿದ್ದರೇನೋ. ಬಲಿಷ್ಠನ ವಿಶ್ವಾಸಾರ್ಹತೆಯನ್ನು ಅವನು ಎಷ್ಟು ದೂರ ನಮ್ಮೊಡನೆ ಬರುತ್ತಾನೆಂಬುದರಿಂದಲ್ಲ, ಎಲ್ಲಿ ನಿಲ್ಲುತ್ತಾನೆಂಬುದನ್ನು ನಮಗೆ ಮುಂಚಿತವಾಗಿ ಹೇಳುತ್ತಾನೆಯೇ ಎಂಬುದರಿಂದ ಅಳೆಯಬೇಕೆಂದು ನನಗೆ ತೋರುತ್ತದೆ.

ನಮ್ಮ ಮೈಸೂರಿನ ಚರಿತ್ರೆಯಲ್ಲಿಯೂ ಇದರ ಛಾಯೆಯಿದೆ. 1769ರ ಏಪ್ರಿಲಿನಲ್ಲಿ ಮದರಾಸಿನ ಬಾಗಿಲಿಗೇ ಬಂದು ನಿಂತ ಹೈದರ್ ಅಲಿಯೊಡನೆ ಈಸ್ಟ್ ಇಂಡಿಯ ಕಂಪನಿ ಸಂಧಿ ಮಾಡಿಕೊಂಡು, ಒಬ್ಬರ ಮೇಲೆ ಶತ್ರು ಬಿದ್ದರೆ ಮತ್ತೊಬ್ಬರು ನೆರವಾಗುವುದೆಂದು ಒಡಂಬಟ್ಟಿತು. ಎರಡು ವರ್ಷ ಕಳೆಯುವುದರೊಳಗೆ ಪೇಶ್ವೆ ಮಾಧವರಾಯರ ಮರಾಠಾ ಸೈನ್ಯ ಮೈಸೂರು ಸೀಮೆಯನ್ನು ಹೊಕ್ಕು, 1771ರಲ್ಲಿ ಚಿನಕುರಳಿಯ ಬಳಿ ಹೈದರನನ್ನು ಸೋಲಿಸಿತು. ಅವನು ಮತ್ತೆ ಮತ್ತೆ ಕೇಳಿಕೊಂಡರೂ ಕಂಪನಿಯಿಂದ ನೆರವು ಬರಲಿಲ್ಲ. ಕೊಡುವುದಿಲ್ಲವೆಂದು ಖಂಡಿತವಾಗಿ ಹೇಳಲೂ ಇಲ್ಲ, ಕಾಲಹರಣ ಮಾಡಿದರು. ಹೈದರನು ಅದನ್ನು ಮರೆಯಲಿಲ್ಲ. 1780ರಲ್ಲಿ, ಅದೇ ಮರಾಠರೊಡನೆಯೂ ನಿಜಾಮನೊಡನೆಯೂ ಕೈಕಲೆತು ಅವನು ಕರ್ನಾಟಿಕ ಪ್ರಾಂತದ ಮೇಲೆ ಇಳಿದಾಗ, ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಿರ್ನಾಮವಾಯಿತು. ಹೈದರನ ಕೈಯಲ್ಲಿ ಸೈನ್ಯವಿದ್ದಿತು, ಸೇಡು ತೀರಿಸಿಕೊಂಡನು. ಪೋಲರಿಗೆ ಆ ಅನುಕೂಲವೂ ಇರಲಿಲ್ಲ.

ಪೋಲೆಂಡ್ ಸ್ವತಂತ್ರವಾದುದು 1989ರಲ್ಲಿ. ಮನ್ನಣೆ ಕಳೆದುಕೊಂಡ ಮೇಲೂ ನಾಲ್ವತ್ತೈದು ವರ್ಷಗಳ ಕಾಲ ಲಂಡನ್ನಿನಲ್ಲಿ ಹೆಸರಿಗೆ ಉಳಿದುಕೊಂಡು ಬಂದಿದ್ದ ಸರ್ಕಾರದ ಕೊನೆಯ ಅಧ್ಯಕ್ಷ ಕಚೊರೋವ್‌ಸ್ಕಿ, ಯುದ್ಧಪೂರ್ವದ ಅಧ್ಯಕ್ಷಮುದ್ರೆಗಳನ್ನು 1990ರ ಡಿಸೆಂಬರಿನಲ್ಲಿ ವಾರ್ಸಾಕ್ಕೆ ಒಯ್ದು, ಚುನಾಯಿತ ಅಧ್ಯಕ್ಷ ವಾಲೆಸರಿಗೆ ಒಪ್ಪಿಸಿದರು. ಅನಂತರ ಆ ದೇಶವು ಯಾರನ್ನೂ ನಂಬದೆ ಒಂಟಿಯಾಗಿರುತ್ತೇನೆಂದು ಹಟ ಹಿಡಿಯಲಿಲ್ಲ. 1999ರಲ್ಲಿ ನೇಟೋ ಒಕ್ಕೂಟವನ್ನು ಸೇರಿತು. ಆ ಒಕ್ಕೂಟದ ಕರಾರಿನ ಐದನೆಯ ವಿಧಿಯಂತೆ ಒಬ್ಬ ಸದಸ್ಯನ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನಿಸುತ್ತದೆ. ಆದರೆ ಪ್ರತಿಯಾಗಿ ಯಾವ ಕ್ರಮವನ್ನು ಕೈಗೊಳ್ಳಬೇಕೆಂಬುದನ್ನು ಪ್ರತಿಯೊಂದು ರಾಷ್ಟ್ರವೂ ತನಗೆ ಉಚಿತವೆಂದು ತೋರಿದಂತೆ ತಾನೇ ನಿರ್ಧರಿಸಬಹುದೆಂದೂ ಅದೇ ವಿಧಿ ಹೇಳುತ್ತದೆ. ಈ ಪದಗಳನ್ನು ಪೋಲರಷ್ಟು ಎಚ್ಚರದಿಂದ ಓದಿದವರು ಬೇರೆ ಯಾರೂ ಇರ‍ಲಾರರು. ಆದುದರಿಂದಲೇ ಅವರು ಬರಿಯ ಸಹಿಗೆ ತೃಪ್ತರಾಗದೆ, ಮಿತ್ರರಾಷ್ಟ್ರಗಳ ಸೈನಿಕರನ್ನು ತಮ್ಮ ನೆಲದ ಮೇಲೆಯೇ ನಿಲ್ಲಿಸಬೇಕೆಂದು ವರ್ಷಗಳ ಕಾಲ ಕೇಳಿ ಪಡೆದುಕೊಂಡಿದ್ದಾರೆ. ಗಡಿಯಲ್ಲಿ ಮೊದಲ ಗುಂಡು ಹಾರಿದರೆ ಅದು ಅಮೆರಿಕನ್ನರಿಗೂ ಬ್ರಿಟಿಷರಿಗೂ ತಗುಲುವಂತಿರಬೇಕೆಂಬುದು ಅವರ ಆಲೋಚನೆ. ಅದರ ಜೊತೆಗೆ, ಉಕ್ರೇನಿನ ಮೇಲೆ ರಷ್ಯ 2022ರಲ್ಲಿ ದಂಡೆತ್ತಿದ ತರುವಾಯ, ತಮ್ಮ ರಾಷ್ಟ್ರೀಯ ಉತ್ಪನ್ನದ ಶೇಕಡ 4ರಷ್ಟನ್ನು ಸ್ವಂತ ಸೈನ್ಯಕ್ಕೆ ವೆಚ್ಚ ಮಾಡುವ ಮಟ್ಟಕ್ಕೆ ಅವರು ಬಂದಿದ್ದಾರೆ. ಒಕ್ಕೂಟದ ಸದಸ್ಯರಲ್ಲಿ ಆ ಪ್ರಮಾಣದಲ್ಲಿ ವೆಚ್ಚ ಮಾಡಿದವರು ವಿರಳ.